ಒಂದು ಮನೆ, ನಾಲ್ಕು ನೆಲ



ಈ ಪುಟವನ್ನು ಓದುವುದಕ್ಕೆ ಮುಂಚೆ ಒಂದು ಸಣ್ಣ ಕೆಲಸ ಮಾಡಿ. ಚಪ್ಪಲಿ ಬಿಟ್ಟು, ನಿಮ್ಮ ಮನೆಯ ಬಾಗಿಲಿನಿಂದ ಹಿತ್ತಲಿನವರೆಗೆ ಬರಿಗಾಲಿನಲ್ಲಿ ಒಮ್ಮೆ ನಡೆದು ಬನ್ನಿ. ಇತ್ತೀಚಿನ ಇಪ್ಪತ್ತು ವರ್ಷಗಳಲ್ಲಿ ಕಟ್ಟಿದ ಮನೆಯಾದರೆ ಹಜಾರದಿಂದ ಅಡುಗೆಮನೆಯವರೆಗೂ ಬಹುಶಃ ಒಂದೇ ಬಗೆಯ ಹೊಳೆಯುವ ಟೈಲ್ಸ್ ನಿಮ್ಮ ಕಾಲಿಗೆ ಸಿಕ್ಕಿರುತ್ತದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಅಲ್ಲೊಂದು ಇಲ್ಲೊಂದು ಉಳಿದಿರುವ ಹಳೆಯ ಮನೆಯಲ್ಲಿ ಹೀಗೆಯೇ ನಡೆದರೆ ಕಾಲಿಗೆ ಬೇರೆಯ ಅನುಭವವಾಗುತ್ತದೆ. ಹೊರಗಿನ ಜಗಲಿ ಕಲ್ಲು ಚಪ್ಪಡಿಯದು. ಬಾಗಿಲು ದಾಟಿದರೆ ದನ ಕಟ್ಟುವ ಜಾಗ. ಅಲ್ಲಿಯೂ ಕಲ್ಲೇ, ಆದರೆ ಒರಟು ಕಲ್ಲು, ಗಂಜಲ ಹರಿದುಹೋಗಲು ಒಂದು ಬದಿಗೆ ವಾಟ. ನಡುಮನೆಯಲ್ಲಿ ಸಗಣಿಯಿಂದ ಸಾರಿಸಿದ ಮಣ್ಣಿನ ನೆಲ, ಅಥವಾ ಮನೆಯವರ ಕೈಯಲ್ಲಿ ನಾಲ್ಕು ಕಾಸು ಓಡಾಡಿದ ಮೇಲೆ ಹಾಕಿಸಿದ ಕೆಂಪು ಗಾರೆ. ಬಚ್ಚಲಿನಲ್ಲಿ ಮತ್ತೆ ಉಳಿಯ ಗುರುತು ಹಾಗೆಯೇ ಉಳಿದ ಚಪ್ಪಡಿ.

ಒಂದೇ ಸೂರಿನ ಕೆಳಗೆ ಮೂರು ನಾಲ್ಕು ಬಗೆಯ ನೆಲ! ಇದಕ್ಕೆ ಬಡತನವೂ ಕಾರಣ, ತಿಳಿವಳಿಕೆಯೂ ಕಾರಣ. ಕೈಗೆ ಸಿಕ್ಕಿದ್ದನ್ನು ಬಳಸಿದರು ಎಂಬುದು ನಿಜ. ಆದರೆ ಸಿಕ್ಕಿದ್ದರಲ್ಲಿ ಯಾವುದು ಯಾವ ಕೋಣೆಗೆ ಎಂಬುದನ್ನು ನೋಡಿ ಬಳಸಿದರು. ನೀರು ಎಲ್ಲಿ ಬೀಳುತ್ತದೆ, ಅಲ್ಲಿ ಓಡಾಡುವವರು ಯಾರು, ಆ ನೆಲವನ್ನು ದಿನವೂ ನೋಡಿಕೊಳ್ಳುವವರು ಯಾರು ಎಂಬ ಮೂರು ಪ್ರಶ್ನೆಗಳಿಗೆ ಪ್ರತಿ ಕೋಣೆಯಲ್ಲೂ ಉತ್ತರ ಬೇರೆ. ಈ ನಾಲ್ಕು ಊರುಗಳ ನೆಲದ ಚರಿತ್ರೆಯನ್ನು ಈ ಪ್ರಶ್ನೆಗಳನ್ನು ಇಟ್ಟುಕೊಂಡೇ ನೋಡೋಣ.

ಮೊದಲು ಕಲ್ಲು. ಕೋಲಾರದ ಸುತ್ತಲಿನ ಬೆಟ್ಟಗುಡ್ಡಗಳು ಬಹುಮಟ್ಟಿಗೆ ಗ್ರಾನೈಟ್ ಮತ್ತು ನೈಸ್ ಜಾತಿಯ ಶಿಲೆಗಳು. ಇವುಗಳ ವಯಸ್ಸು ಸುಮಾರು 250 ಕೋಟಿ ವರ್ಷ, ಕೆಲವೆಡೆ ಇನ್ನೂ ಹೆಚ್ಚು. ಇವುಗಳ ನಡುವೆ ಉತ್ತರ ದಕ್ಷಿಣವಾಗಿ ಹಾಯ್ದುಹೋಗಿರುವ ಕಪ್ಪು ಶಿಲೆಯ ಪಟ್ಟಿಯಲ್ಲಿ ಚಿನ್ನ ಸಿಕ್ಕಿದ್ದರಿಂದ ಕೋಲಾರದ ಹೆಸರು ಲೋಕಕ್ಕೆ ತಿಳಿಯಿತು. 2001ರಲ್ಲಿ ಆ ಗಣಿಗಳು ಮುಚ್ಚಿದವು. ಇಲ್ಲಿಯ ಜನರ ಮನೆಗೆ ಬಂದದ್ದು ಮಾತ್ರ ಚಿನ್ನವಲ್ಲ, ಪಕ್ಕದ ಸಾಮಾನ್ಯ ಕಲ್ಲು. ಗೋಡೆಗೆ ಕಲ್ಲು, ಸೂರಿಗೆ ಚಪ್ಪಡಿ, ಹೊಲದ ಬೇಲಿಗೂ ಕಲ್ಲುಕಂಬ.

ಯಂತ್ರವಿಲ್ಲದ ಕಾಲದಲ್ಲಿ ಇಷ್ಟು ತೆಳುವಾದ, ಇಷ್ಟು ಅಗಲವಾದ ಚಪ್ಪಡಿಯನ್ನು ಬಂಡೆಯಿಂದ ಹೇಗೆ ಬಿಡಿಸುತ್ತಿದ್ದರು? ಬೆಂಕಿಯಿಂದ. ನಮ್ಮ ಸೀಮೆಯ ಕಲ್ಲೊಡೆಯುವವರ ಈ ವಿದ್ಯೆಯನ್ನು ಬೆಂಗಳೂರಿನ ಬಳಿ ಕಣ್ಣಾರೆ ಕಂಡ ಎಚ್. ವಾರ್ತ್ ಎಂಬ ವಿಜ್ಞಾನಿ 1895ರಲ್ಲಿ ಅದರ ಲೆಕ್ಕವನ್ನು 'ನೇಚರ್' ಪತ್ರಿಕೆಯಲ್ಲಿ ಬರೆದ. ಬಂಡೆಯ ಮೇಲೆ ಸುಮಾರು ಏಳು ಅಡಿ ಉದ್ದದ ಸಾಲಿನಲ್ಲಿ ಸೌದೆ ಹೊತ್ತಿಸುತ್ತಾರೆ. ಕಾದ ಮೇಲ್ಪದರ ಹಿಗ್ಗುತ್ತದೆ. ಕೆಳಗಿನ ಕಲ್ಲು ತಣ್ಣಗೇ ಇರುತ್ತದೆ. ಹಿಗ್ಗಿದ್ದಕ್ಕೂ ಹಿಗ್ಗದ್ದಕ್ಕೂ ನಡುವೆ ಮೇಲ್ಮೈಗೆ ಸಮಾನಾಂತರವಾಗಿ ಬಿರುಕು ಬಿಡುತ್ತದೆ. ಕೆಲಸದವರು ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿ, ಕಲ್ಲು ಬಿಟ್ಟಿದೆಯೆಂದು ಖಾತ್ರಿಯಾದ ಮೇಲೆ ಬೆಂಕಿಯನ್ನು ಸ್ವಲ್ಪ ಮುಂದಕ್ಕೆ ತಳ್ಳುತ್ತಾರೆ. ಹೀಗೆ ಎಂಟು ಗಂಟೆಗಳಲ್ಲಿ 740 ಚದರ ಅಡಿಯ ಒಂದೇ ಹಾಳೆ ಬಿಟ್ಟಿತು. ಅದರ ಸರಾಸರಿ ದಪ್ಪ ಐದು ಅಂಗುಲ. ಸುಟ್ಟ ಸೌದೆ ಹೆಚ್ಚೆಂದರೆ 15 ಹಂಡ್ರೆಡ್‌ವೇಟ್, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 760 ಕಿಲೋ. ಕಲ್ಲಿನ ಸಾಪೇಕ್ಷ ಸಾಂದ್ರತೆ 2.62 ಎಂದು ಹಿಡಿದು ನೀವೇ ಲೆಕ್ಕ ಮಾಡಿ: ಒಂದು ಕಿಲೋ ಸೌದೆಗೆ ಮೂವತ್ತು ಕಿಲೋ ಕಲ್ಲು! ಆ ಸುತ್ತಿಗೆ ಹಿಡಿದವರಲ್ಲಿ ಯಾರ ಹೆಸರೂ ಉಳಿದಿಲ್ಲ. ಉಷ್ಣವ್ಯಾಕೋಚನದ ಪಾಠ ಕಲಿಸುವಾಗ ರೈಲು ಹಳಿಯ ಉದಾಹರಣೆಯ ಜೊತೆಗೆ ಇದನ್ನೂ ಹೇಳಬಹುದಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಹೀಗೆ ಬಂದ ಚಪ್ಪಡಿ ನೀರನ್ನು ಹೆಚ್ಚು ಕಡಿಮೆ ಹೀರುವುದೇ ಇಲ್ಲ. ದನದ ಗೊರಸಿಗೆ ಸವೆಯುವುದಿಲ್ಲ. ಒರಟಾಗಿ ಬಿಟ್ಟರೆ ಒದ್ದೆಯಾದಾಗಲೂ ಕಾಲು ಹಿಡಿದುಕೊಳ್ಳುತ್ತದೆ. ಆದ್ದರಿಂದ ಕೊಟ್ಟಿಗೆಗೆ, ಬಚ್ಚಲಿಗೆ, ಜಗಲಿಗೆ ಅದು ಸರಿ. ಆದರೆ ಮಲಗುವ ಜಾಗಕ್ಕೆ? ಕೋಲಾರ ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿದೆ. ಮಾರ್ಗಶಿರ ಪುಷ್ಯ ಮಾಸದ ರಾತ್ರಿಗಳಲ್ಲಿ ಚಳಿ ಚುರುಕಾಗಿಯೇ ಇರುತ್ತದೆ. ಕಲ್ಲಿನ ನೆಲ ಮಣ್ಣಿನ ನೆಲಕ್ಕಿಂತ ತಣ್ಣಗಿರುತ್ತದೆ ಎಂದು ನಾವು ಹೇಳುತ್ತೇವೆ. ಒಂದೇ ಕೋಣೆಯಲ್ಲಿ ಎರಡನ್ನೂ ಇಟ್ಟು ಥರ್ಮಾಮೀಟರಿನಿಂದ ಅಳೆದರೆ ಎರಡರ ಉಷ್ಣತೆಯೂ ಒಂದೇ. ವ್ಯತ್ಯಾಸವಿರುವುದು ನಮ್ಮ ಪಾದದ ಶಾಖವನ್ನು ಎಳೆದುಕೊಳ್ಳುವ ವೇಗದಲ್ಲಿ. ನೆಲ 20 ಡಿಗ್ರಿ, ಪಾದ 30 ಡಿಗ್ರಿ ಎಂದುಕೊಳ್ಳಿ. ಗ್ರಾನೈಟಿನ ಮೇಲೆ ಕಾಲಿಟ್ಟ ಕ್ಷಣ ಚರ್ಮ ಮತ್ತು ಕಲ್ಲು ಕೂಡುವೆಡೆ ಉಷ್ಣತೆ ಸುಮಾರು 23 ಡಿಗ್ರಿಗೆ ಇಳಿಯುತ್ತದೆ; ಒಣಗಿದ ಮಣ್ಣಿನ ಮೇಲೆ ಸುಮಾರು 26ಕ್ಕೆ. ಮೂರು ಡಿಗ್ರಿ ಎಂದರೆ ಕಡಿಮೆಯಲ್ಲ, ಅದರ ಮೇಲೆ ಬರೀ ಚಾಪೆ ಹಾಸಿ ಮಲಗುವವರನ್ನು ಕೇಳಿ. ಇದೇ ಗುಣದ ಇನ್ನೊಂದು ಮುಖವನ್ನು ನೋಡಬೇಕಾದರೆ ಮುಳಬಾಗಿಲು ತಾಲ್ಲೂಕಿನ ಆವನಿಗೆ ಹೋಗಿ. ಅಲ್ಲಿ ನೊಳಂಬರ ಕಾಲದ ರಾಮಲಿಂಗೇಶ್ವರ ದೇಗುಲಗಳಿವೆ. ಏಪ್ರಿಲ್ ತಿಂಗಳ ನಡುಮಧ್ಯಾಹ್ನ ಅಂಗಳದ ಬಿಸಿಲಿಗೆ ಕಾದ ಕಲ್ಲಿನ ಮೇಲೆ ಬರಿಗಾಲಿನಲ್ಲಿ ಪ್ರದಕ್ಷಿಣೆ ಬನ್ನಿ. ಶಾಖವನ್ನು ಬೇಗ ಎಳೆದುಕೊಳ್ಳುವ ಕಲ್ಲು ಅಷ್ಟೇ ಬೇಗ ಕೊಡುತ್ತದೆ ಎಂಬುದು ನಾಲ್ಕು ಹೆಜ್ಜೆಯಲ್ಲಿ ಗೊತ್ತಾಗುತ್ತದೆ.

ಇನ್ನು ನಡುಮನೆಯ ಮಣ್ಣಿನ ನೆಲ. ಅದನ್ನು ಬರಿಯ ಮಣ್ಣು ಎಂದುಕೊಳ್ಳಬೇಡಿ. ಕೆಳಗೆ ಕಲ್ಲುಚೂರು, ಅದರ ಮೇಲೆ ಗರಸು ಮಣ್ಣು, ನೀರು ಚಿಮುಕಿಸಿ ದಿಮ್ಮಸಿನಿಂದ ಬಡಿದು ಗಟ್ಟಿ ಮಾಡುವುದು. ಮೇಲೆ ಜರಡಿಯಾಡಿದ ಜೇಡಿ ಮತ್ತು ಸಗಣಿಯ ತೆಳು ಲೇಪ. ಕೆಳಗಿನ ಕಲ್ಲುಚೂರಿಗೆ ಒಂದು ಉದ್ದೇಶವಿದೆ. ಸಣ್ಣ ಕಣಗಳ ಮಣ್ಣಿನಲ್ಲಿ ನೀರು ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಮೇಲೇರುತ್ತದೆ. ಕಲ್ಲುಗಳ ನಡುವಿನ ದೊಡ್ಡ ಸಂದುಗಳಲ್ಲಿ ಅದು ಏರಲಾರದು. ಸಗಣಿಯಲ್ಲಿರುವ ಜೀರ್ಣವಾಗದ ಹುಲ್ಲಿನ ನಾರು ಲೇಪ ಬಿರಿಯದಂತೆ ಹಿಡಿದಿಡುತ್ತದೆ, ಧೂಳು ಏಳದಂತೆ ಮಾಡುತ್ತದೆ.

ಸಗಣಿ ಕ್ರಿಮಿನಾಶಕ ಎಂಬ ಮಾತನ್ನು ನೀವು ಕೇಳಿರಬಹುದು. ವಿಜ್ಞಾನ ಓದಿದವನಾಗಿ ಅದನ್ನು ಹಾಗೆಯೇ ಒಪ್ಪಿಕೊಳ್ಳಲಾರೆ. ಧನುರ್ವಾಯುವಿಗೆ ಕಾರಣವಾಗುವ ಸೂಕ್ಷ್ಮಾಣುವಿನ ಬೀಜಕಗಳು ಜಾನುವಾರುಗಳ ಸಗಣಿಯಲ್ಲಿ ಇರಬಲ್ಲವು. ಅಂಬೆಗಾಲಿಡುವ ಮಗು ನೆಲದ ಮೇಲಿನದನ್ನೆಲ್ಲ ಬಾಯಿಗೆ ಹಾಕುತ್ತದೆ. ದೂರದ ಮೆಕ್ಸಿಕೋ ದೇಶದಲ್ಲಿ 2000ದಲ್ಲಿ ಕೊವಾವಿಲಾ ರಾಜ್ಯದಿಂದ ಆರಂಭಿಸಿ, ಬಡವರ ಮನೆಗಳ ಮಣ್ಣಿನ ನೆಲಕ್ಕೆ ಸರ್ಕಾರವೇ ಸಿಮೆಂಟು ಹಾಕಿಸಿಕೊಡುವ ಯೋಜನೆ ನಡೆಯಿತು. ಅದರ ಫಲವನ್ನು ಅಳೆದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಮನೆಯ ನೆಲವೆಲ್ಲ ಸಿಮೆಂಟಾದ ಕಡೆ ಮಕ್ಕಳಲ್ಲಿ ಪರೋಪಜೀವಿಗಳ ಬಾಧೆ ಶೇಕಡ 78, ಅತಿಸಾರ ಶೇಕಡ 49, ರಕ್ತಹೀನತೆ ಶೇಕಡ 81ರಷ್ಟು ಇಳಿದಿತ್ತು. ತಾಯಂದಿರ ಮನಸ್ಸಿನ ಬೇಗುದಿಯೂ ಕಡಿಮೆಯಾಗಿತ್ತು. ಮಣ್ಣಿನ ನೆಲದ ತಂಪನ್ನು ಹೊಗಳಿ ಬರೆಯುವವರು ಈ ಅಂಕಿಗಳ ಮುಂದೆ ಸ್ವಲ್ಪ ಹೊತ್ತು ಕೂರಬೇಕು. ಹಾಗೆಯೇ ಇನ್ನೊಂದು ವಿಷಯ. ಸಾರಿಸಿದ ನೆಲ ಉಳಿಯುವುದು ಮತ್ತೆ ಮತ್ತೆ ಸಾರಿಸಿದರೆ ಮಾತ್ರ. ಸಾರಿಸುತ್ತಿದ್ದವರು ಹೆಂಗಸರು; ಕುಕ್ಕರಗಾಲಿನಲ್ಲಿ, ಬಗ್ಗಿದ ಬೆನ್ನಿನಲ್ಲಿ, ಮನೆ ಮಂದಿ ಏಳುವ ಮೊದಲು. ಆ ನೆಲ ಅಗ್ಗವಾಗಿತ್ತು ಎನ್ನುವಾಗ ಈ ದುಡಿಮೆಯನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮಣ್ಣನ್ನು ಸುಟ್ಟರೆ ಅದು ಬೇರೆಯೇ ವಸ್ತು. ಮಾಲೂರಿನ ಕಥೆ ಅದು. 1864ರಲ್ಲಿ ಬೆಂಗಳೂರು ದಂಡುಪ್ರದೇಶಕ್ಕೆ ಜೋಲಾರಪೇಟೆಯ ಕಡೆಯಿಂದ ರೈಲು ಬಂತು. ಮಾಲೂರು ಅದೇ ಹಾದಿಯಲ್ಲಿದೆ. ಮರುವರ್ಷವೇ, 1865ರಲ್ಲಿ, ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಯಂತ್ರದಿಂದ ಹೆಂಚು ಒತ್ತುವ ಕಾರ್ಖಾನೆ ತೆರೆದ. ಕರಾವಳಿಯ ಆ ಉದ್ಯಮ ಮುಂದೆ ಒಳನಾಡಿನಲ್ಲಿ ನೆಲೆಯಾದ ಊರುಗಳಲ್ಲಿ ಮಾಲೂರೂ ಒಂದು. ಇಲ್ಲಿಯ ಕೆರೆಗಳ ತಳದ ಜೇಡಿ, ಹೊಗೆ ಉಗುಳುವ ಚಿಮಣಿಗಳು, ಪಕ್ಕದಲ್ಲೇ ಬೆಂಗಳೂರಿನ ಮಾರುಕಟ್ಟೆ. ಮಾಲೂರಿನ ಹೆಂಚು, ಇಟ್ಟಿಗೆ ಹೆಸರಾದವು. ಹೆಂಚಿನ ಜೇಡಿಯಿಂದಲೇ ನೆಲಕ್ಕೆ ಹಾಸುವ ಚೌಕನೆಯ ಬಿಲ್ಲೆಗಳನ್ನೂ ಮಾಡಬಹುದು. ಅವು ಕಾಲಿಗೆ ಹಿತ, ಬೇಸಿಗೆಯಲ್ಲಿ ತಂಪು. ಆದರೆ ಸುಟ್ಟ ಮಣ್ಣಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ. ಸಾಮಾನ್ಯ ಇಟ್ಟಿಗೆ ತನ್ನ ತೂಕದ ಶೇಕಡ 20ರವರೆಗೆ ನೀರು ಹೀರಿದರೂ ಭಾರತೀಯ ಮಾನಕದ ಪ್ರಕಾರ ಒಪ್ಪಬಹುದು. ನೀರಿನ ಜೊತೆ ಎಣ್ಣೆ, ಸಾರು, ಕಾಫಿ ಎಲ್ಲವೂ ಒಳಗಿಳಿಯುತ್ತವೆ. ಆದ್ದರಿಂದ ಅದು ವರಾಂಡಕ್ಕೆ ಒಳ್ಳೆಯದು, ಅಡುಗೆಮನೆಗೆ ಅಲ್ಲ. ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಜಿಲ್ಲೆ ಇದು. ಕೆರೆಯ ಹೂಳು ತೆಗೆದರೆ ಕೆರೆಗೆ ಉಪಕಾರ. ಹೂಳು ಮುಗಿದ ಮೇಲೂ ತಳವನ್ನು ಗುಂಡಿ ಗುಂಡಿಯಾಗಿ ಅಗೆಯುತ್ತ ಹೋದರೆ ಉಪಕಾರವಲ್ಲ.

ಮುಳಬಾಗಿಲು ಎಂದರೆ ಮೂಡಣ ಬಾಗಿಲು. ಮದರಾಸಿನ ಹೆದ್ದಾರಿ ಈ ಊರಿನ ಮೂಲಕವೇ ಹೋಗುತ್ತದೆ. ಆಚೆಯ ಆಂಧ್ರದ ಕಡೆಯಿಂದ ಬರುವ ಕಡಪ ಕಲ್ಲು ಈ ಗಡಿ ತಾಲ್ಲೂಕುಗಳಿಗೆ ದೂರದ್ದಲ್ಲ. ಇದು ಕಪ್ಪು ಸುಣ್ಣಶಿಲೆ, ಪದರ ಪದರವಾಗಿ ಏಳುತ್ತದೆ, ಬೆಲೆಯೂ ಕಡಿಮೆ. ಅದರ ಮೇಲೆ ಒಂದು ನಿಂಬೆಹೋಳು ಇಟ್ಟು ಸ್ವಲ್ಪ ಹೊತ್ತು ಬಿಟ್ಟು ತೆಗೆದು ನೋಡಿ, ಮಂಕಾದ ಗುರುತು ಉಳಿಯುತ್ತದೆ. ಹುಣಸೆಹಣ್ಣಿನ ರಸಕ್ಕೂ ಹಾಗೆಯೇ. ಗ್ರಾನೈಟಿಗೆ ಇದರಿಂದ ಏನೂ ಆಗದು. ಸುಣ್ಣಶಿಲೆಯಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟು ಆಮ್ಲಕ್ಕೆ ಕರಗುತ್ತದೆ ಎಂಬ ಪಾಠವನ್ನು ಅಡುಗೆಮನೆಯ ಕಟ್ಟೆ ಎಷ್ಟೋ ಗೃಹಿಣಿಯರಿಗೆ ಪುಸ್ತಕಕ್ಕಿಂತ ಮೊದಲೇ ಕಲಿಸಿದೆ.

ಈಗ ನನಗೆ ತುಂಬ ಇಷ್ಟವಾದ ನೆಲಕ್ಕೆ ಬರುತ್ತೇನೆ. ಗಾರೆ ಎಂದರೆ ಮೊದಲು ಸುಣ್ಣದ ಗಾರೆಯೇ. ಎತ್ತು ಕಟ್ಟಿ ತಿರುಗಿಸುವ ಕಲ್ಲಿನ ಚಕ್ರದಲ್ಲಿ ಸುಣ್ಣ, ಮರಳು, ಇಟ್ಟಿಗೆಯ ಪುಡಿ ಸೇರಿಸಿ ಅರೆಯುತ್ತಿದ್ದರು. ಬರಿಯ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ನಿಧಾನವಾಗಿ ಗಟ್ಟಿಯಾಗುತ್ತದೆ. ಸುಟ್ಟ ಜೇಡಿಯ ಪುಡಿ ಸೇರಿದರೆ ತೇವದಲ್ಲಿಯೂ ಗಟ್ಟಿಯಾಗುತ್ತದೆ. ರೋಮನ್ನರು ಜ್ವಾಲಾಮುಖಿಯ ಬೂದಿಯಿಂದ ಮಾಡಿದ ಕೆಲಸವನ್ನು ನಮ್ಮವರು ಇಟ್ಟಿಗೆಚೂರಿನಿಂದ ಮಾಡಿದರು. ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ 1824ರಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದ. 1914ರಲ್ಲಿ ಪೋರಬಂದರಿನ ಕಾರ್ಖಾನೆಯಿಂದ ಸಿಮೆಂಟು ಹೊರಬಂತು. ಮುಂದೆ ನಮ್ಮ ಭದ್ರಾವತಿಯಲ್ಲಿಯೂ ತಯಾರಾಯಿತು. ಆ ಸಿಮೆಂಟಿಗೆ ಕಬ್ಬಿಣದ ಆಕ್ಸೈಡಿನ ಪುಡಿ ಬೆರೆಸಿದ್ದೇ ನಾವು ರೆಡ್ ಆಕ್ಸೈಡ್ ನೆಲ ಎನ್ನುವುದು. ಕೋಲಾರದ ಹೊಲಗಳ ಮಣ್ಣಿಗೆ ಕೆಂಪು ಬಣ್ಣ ಕೊಟ್ಟಿರುವುದೂ ಕಬ್ಬಿಣದ ಆಕ್ಸೈಡೇ. ಈಗಾಗಲೇ ಆಮ್ಲಜನಕದೊಡನೆ ಕೂಡಿಬಿಟ್ಟಿರುವ ವಸ್ತುವಾದ್ದರಿಂದ ಬಿಸಿಲಿಗೂ ಗಾಳಿಗೂ ಅದರ ಬಣ್ಣ ಮಾಸುವುದಿಲ್ಲ.

ಇದನ್ನು ಹಾಕುವುದು ಸುಲಭವಲ್ಲ. ಒಂದು ಕೋಣೆ ಹಿಡಿದರೆ ಆ ಕೋಣೆ ಅಂದೇ ಮುಗಿಯಬೇಕು. ನಾಳೆಗೆ ಉಳಿಸಿದರೆ ನಾಳೆಯ ಕೆಂಪೇ ಬೇರೆ. ಗಾರೆ ಕೆಲಸದವನು ಹಿಮ್ಮುಖವಾಗಿ ಸರಿಯುತ್ತ, ಕರಣೆಯಿಂದ ಒತ್ತಿ ಒತ್ತಿ ನುಣುಪು ತರುತ್ತಾನೆ. ಬೇಗ ಉಜ್ಜಿದರೆ ನೀರು ಮೇಲೆ ಬಂದು ಪದರ ದುರ್ಬಲ. ತಡಮಾಡಿದರೆ ಕರಣೆ ಓಡುವುದಿಲ್ಲ. ಆ ಹದ ಗೊತ್ತಿರುವುದು ಅವನ ಕೈಗೆ. ಆಮೇಲೆ ವಾರಕ್ಕೆ ಕಡಿಮೆಯಿಲ್ಲದೆ ನೀರು ನಿಲ್ಲಿಸಬೇಕು, ಏಕೆಂದರೆ ಸಿಮೆಂಟು ಒಣಗಿ ಗಟ್ಟಿಯಾಗುವುದಲ್ಲ, ನೀರಿನೊಡನೆ ಕೂಡಿ ಗಟ್ಟಿಯಾಗುವುದು. ಮೊದಮೊದಲು ಕೊಬ್ಬರಿ ಎಣ್ಣೆಯಲ್ಲಿ ಒರೆಸುತ್ತಾರೆ. ಮುಂದಿನ ಪಾಲಿಶ್ ಮನೆಯವರ ಪಾದಗಳದ್ದು. ಐವತ್ತು ವರ್ಷ ಓಡಾಡಿದ ಕೆಂಪು ನೆಲದಲ್ಲಿ ಕಿಟಕಿಯ ಸರಳುಗಳು ಕಾಣುತ್ತವೆ. ಸಾರಿಸುವ ಕೆಲಸ ತಪ್ಪಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕಾಯಿತು. ಎಷ್ಟೋ ಮನೆಗಳ ಹೆಂಗಸರಿಗೆ ಇದು ದೊಡ್ಡ ಬಿಡುಗಡೆ.

ಕೋಲಾರ ಸೀಮೆಯಲ್ಲಿ ಸಿಮೆಂಟಿನ ನೆಲಕ್ಕೆ ಇನ್ನೊಂದು ಒತ್ತಾಯವೂ ಇತ್ತು: ರೇಷ್ಮೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಮೈಸೂರು ಸೀಮೆಗೆ ಬಂದ ಈ ಕಸುಬು ಶ್ರೀನಿವಾಸಪುರ, ಮುಳಬಾಗಿಲು, ಕೋಲಾರ, ಮಾಲೂರಿನ ರೈತರ ಮನೆಯೊಳಗೇ ನೆಲೆಸಿತು. ನಡುಮನೆಯಲ್ಲೇ ಬಿದಿರಿನ ತಟ್ಟೆಗಳು, ಅಲ್ಲೇ ಚಂದ್ರಿಕೆಗಳು, ಪಕ್ಕದಲ್ಲೇ ಮನೆಮಂದಿಯ ಊಟ ನಿದ್ದೆ. ಹುಳುವಿಗೆ ಪೆಬ್ರಿನ್, ಹಾಲುತೊಂಡೆ ತಗುಲಿದರೆ ಬೆಳೆಯೇ ಹೋಯಿತು. ರೋಗದ ಬೀಜಗಳು ಧೂಳಿನಲ್ಲಿ, ನೆಲದ ಬಿರುಕಿನಲ್ಲಿ ಬದುಕಿದ್ದು ಮುಂದಿನ ಬೆಳೆಗೆ ಕಾಯುತ್ತವೆ. ಫ್ರಾನ್ಸಿನಲ್ಲಿ ರೇಷ್ಮೆ ಉದ್ಯಮವನ್ನೇ ಕಂಗೆಡಿಸಿದ್ದ ಪೆಬ್ರಿನ್ ರೋಗವನ್ನು ಹುಡುಕಿಕೊಂಡು ಲೂಯಿ ಪಾಸ್ಚರ್ ಅಲೆ ಎಂಬ ಊರಿಗೆ ಹೋದದ್ದು 1865ರಲ್ಲಿ, ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಅದೇ ವರ್ಷ. ಹುಳುಮನೆಯನ್ನು ಪ್ರತಿ ಬೆಳೆಯ ನಂತರ ತೊಳೆದು, ಬ್ಲೀಚಿಂಗ್ ಪುಡಿಯ ಅಥವಾ ಫಾರ್ಮಲಿನ್ ದ್ರಾವಣ ಹೊಡೆಯಬೇಕು. ಮಣ್ಣಿನ ನೆಲವನ್ನು ಹಾಗೆ ತೊಳೆಯುವುದು ಹೇಗೆ? ಬಿರುಕಿಲ್ಲದ, ವಾಟವಿರುವ ಸಿಮೆಂಟು ನೆಲವೇ ಬೇಕು. ಇಲ್ಲಿ ನೆಲದ ಆಯ್ಕೆ ಅಂದದ ಪ್ರಶ್ನೆಯಾಗಿರಲಿಲ್ಲ. ಆ ವರ್ಷದ ಸಾಲ ತೀರುವುದೋ ಇಲ್ಲವೋ ಎಂಬ ಪ್ರಶ್ನೆಯಾಗಿತ್ತು.

ನಡುವೆ ಮೊಸಾಯಿಕ್ ಬಂದು ಹೋಯಿತು. ಅಮೃತಶಿಲೆಯ ಚೂರುಗಳ ಆ ನೆಲವನ್ನು ಯಂತ್ರದಲ್ಲಿ ಉಜ್ಜುವಾಗ ಏಳುತ್ತಿದ್ದ ಕರ್ಕಶ ಸದ್ದು ನನ್ನ ವಯಸ್ಸಿನವರಿಗೆ ನೆನಪಿರಬಹುದು. ಆಮೇಲೆ ವಿಟ್ರಿಫೈಡ್ ಟೈಲ್ಸ್. ಜೇಡಿಗೆ ಫೆಲ್ಡ್‌ಸ್ಪಾರ್ ಮುಂತಾದವನ್ನು ಬೆರೆಸಿ ಸುಮಾರು 1,200 ಡಿಗ್ರಿಗೆ ಕಾಯಿಸಿದಾಗ ಒಂದಷ್ಟು ಭಾಗ ಕರಗಿ ಗಾಜಾಗಿ ರಂಧ್ರಗಳನ್ನು ಮುಚ್ಚುತ್ತದೆ. ನೀರು ಹೀರುವುದು ಶೇಕಡ ಅರ್ಧಕ್ಕೂ ಕಡಿಮೆ. ಗುಜರಾತಿನ ಮೊರ್ಬಿಯಿಂದ ಲಾರಿಯಲ್ಲಿ ಬಂದು, ಎರಡು ಮೂರು ದಿನದಲ್ಲಿ ಇಡೀ ಮನೆಗೆ ಹಾಸಿ ಮುಗಿಯುತ್ತದೆ. ವಾರಗಟ್ಟಲೆ ನೀರು ನಿಲ್ಲಿಸುವ ತಾಪತ್ರಯವಿಲ್ಲ. ಟ್ಯಾಂಕರ್ ನೀರು ಕೊಳ್ಳುವ ಊರಿನಲ್ಲಿ ಇದು ಸಣ್ಣ ಮಾತಲ್ಲ. ಕಲೆ ಹಿಡಿಯದು, ಒರೆಸುವುದು ಸುಲಭ. ಗೆದ್ದದ್ದರಲ್ಲಿ ಆಶ್ಚರ್ಯವಿಲ್ಲ. ನನ್ನ ತಕರಾರು ಟೈಲ್ಸಿನ ಮೇಲಲ್ಲ, ಎಲ್ಲ ಕೋಣೆಗೂ ಅದೊಂದೇ ಎಂಬುದರ ಮೇಲೆ.

ಈ ತಪ್ಪನ್ನು ಮಾಡಿದವನು ನಾನೇ. ಕೋಲಾರದ ನಮ್ಮ ಹಳೆಯ ಮನೆಯನ್ನು ರಿಪೇರಿ ಮಾಡಿಸುವಾಗ, ಬಣ್ಣ ಒಂದೇ ಇದ್ದರೆ ಚೆನ್ನಾಗಿ ಕಾಣುತ್ತದೆಂದು ಹಜಾರದ ಟೈಲ್ಸನ್ನೇ ಬಚ್ಚಲಿಗೂ ಹಾಕಿಸಿದೆ. ನೀರು ಹೀರದ ನುಣುಪು ನೆಲದ ಮೇಲೆ ನೀರು ಎಲ್ಲಿ ಹೋಗಬೇಕು? ಸೋಪಿನ ಜೊತೆ ಸೇರಿ ಪಾದಕ್ಕೂ ನೆಲಕ್ಕೂ ನಡುವೆ ತೆಳು ಪೊರೆಯಾಗಿ ನಿಲ್ಲುತ್ತದೆ. ಘರ್ಷಣೆಯ ಪಾಠವನ್ನು ಪರೀಕ್ಷೆಗೆ ಬರೆದು ಅಂಕ ಪಡೆದಿದ್ದವನಿಗೆ ಅದು ಹೊಳೆಯಲಿಲ್ಲ. ಮೂರನೆಯ ತಿಂಗಳಲ್ಲಿ ನಮ್ಮ ತಾಯಿ ಅಲ್ಲಿ ಜಾರಿ ಬಿದ್ದರು. ಮಣಿಕಟ್ಟು ಮುರಿಯಿತು. "ಮೊದಲಿನ ಕಲ್ಲು ಏನು ಮಾಡಿತ್ತಪ್ಪಾ ನಿನಗೆ?" ಎಂದು ಕೇಳಿದರು, ಅಷ್ಟೇ.

ನಿಮ್ಮ ಮನೆಯಲ್ಲಿಯೋ ನೆಂಟರ ಮನೆಯಲ್ಲಿಯೋ ನೆಲ ಹಾಕಿಸುವ ಮಾತು ಬಂದಾಗ ಅಂಗಡಿಯಿಂದ ಒಂದೊಂದು ತುಂಡು ಕೇಳಿ ತನ್ನಿ. ಒಣಗಿದ್ದಾಗ ತೂಕ ಮಾಡಿ, ಒಂದು ಹಗಲು ಒಂದು ರಾತ್ರಿ ನೀರಿನಲ್ಲಿಟ್ಟು, ಒರೆಸಿ ಮತ್ತೆ ತೂಕ ಮಾಡಿ. ನಿಂಬೆಹೋಳು ಇಟ್ಟು ನೋಡಿ. ಸೋಪಿನ ನೀರು ಸುರಿದು, ಗೋಡೆ ಹಿಡಿದುಕೊಂಡು, ಹುಷಾರಾಗಿ ಬರಿಗಾಲಿನಲ್ಲಿ ಒತ್ತಿ ನೋಡಿ. ಕ್ಯಾಟಲಾಗಿನ ಚಿತ್ರದಲ್ಲಿ ಕಾಣದ್ದು ಇಲ್ಲಿ ಕಾಣುತ್ತದೆ. ಆ ಕೋಣೆಯಲ್ಲಿ ಹೆಚ್ಚು ಓಡಾಡುವವರು ಯಾರೋ ಅವರನ್ನೂ ಒಂದು ಮಾತು ಕೇಳಿ.

ನಮ್ಮ ಬಚ್ಚಲಿನ ಟೈಲ್ಸನ್ನು ಆಮೇಲೆ ಕೀಳಿಸಿದೆ. ಹಳೆಯ ಚಪ್ಪಡಿಗಳು ಹಿತ್ತಲಿನ ತೆಂಗಿನ ಮರದ ಬುಡದಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಒಂದು ಮೂಲೆ ಮುರಿದಿತ್ತು, ಉಳಿದವು ಹಾಗೆಯೇ ಇದ್ದವು. ಎತ್ತಿ ತರಲು ನಾಲ್ಕು ಜನ ಬೇಕಾಯಿತು. ತಾಯಿ ನಿಂತು ನೋಡಿ, ಉಳಿಯ ಗುರುತಿರುವ ಮುಖ ಮೇಲೆ ಬರುವಂತೆ ಹಾಸಿಸಿಕೊಂಡರು.